ಪ್ರಾಣವಾಯುವಿಗೂ ಮೊದಲು ಬಂದ ಪ್ರಾಣ

(ತೀರ್ಥಹಳ್ಳಿಯಲ್ಲಿ ಗೆಳೆಯರು ತಿಂಗಳಿಗೊಮ್ಮೆ ಸೇರುವ ಕೂಟದಲ್ಲಿ ಆಡಿದ ಮಾತು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಎಂದರು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಮೇಜಿನ ಮೇಲಿರುವ ಈ ಎರಡು ಬಾಟ್ಲಿ ನೋಡಿ. ಎರಡರಲ್ಲೂ ಇರುವುದು ನಮ್ಮ ಮನೆಯ ಬೋರ್‌ವೆಲ್ ನೀರೇ. ಇದು ಹೊರಡುವಾಗ ಹಿಡಿದದ್ದು. ಕಂಠಮಟ್ಟ ತುಂಬಿಸಿ ಮುಚ್ಚಳ ಬಿಗಿ ಮಾಡಿದ್ದೇನೆ. ತಿಳಿಯಾಗಿದೆ. ಅದು ನಿನ್ನೆ ಸಂಜೆ ಹಿಡಿದದ್ದು. ಅಗಲ ಬಾಯಿಯ ಪಾತ್ರೆಯಲ್ಲಿ ರಾತ್ರಿಯೆಲ್ಲಾ ತೆರೆದಿಟ್ಟು, ಬೆಳಿಗ್ಗೆ ಬಾಟ್ಲಿಗೆ ಸುರಿದೆ. ತಳದಲ್ಲಿ ಕೆಂಪು ಗಸಿ ಕೂತಿದೆ, ಕಾಣ್ತಾ?

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಬಿಳಿ ಪಂಚೆ ಒಗೆದರೆ ಕೆಂಪಾಗುತ್ತದೆ. ಬಕೆಟ್ಟಿಗೆ ಕಲೆ ಹಿಡಿಯುತ್ತದೆ. ನೀರು ಕೆಟ್ಟಿದೆ ಅಂತ ಬೇಸರ ಮಾಡಿಕೊಳ್ಳುತ್ತೇವೆ. ನಡೆದದ್ದು ಇಷ್ಟೇ. ಕಬ್ಬಿಣಕ್ಕೆ ಎರಡು ರೂಪ ಇದೆ. ಒಂದು ರೂಪದಲ್ಲಿ ಅದು ನೀರಿನಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು ರೂಪದಲ್ಲಿ ಕರಗುವುದಿಲ್ಲ, ಕೆಂಪಗೆ ತಳ ಹಿಡಿಯುತ್ತದೆ. ಮೊದಲನೆಯದು ಎರಡನೆಯದಾಗಬೇಕಾದರೆ ಗಾಳಿಯಲ್ಲಿರುವ ಆಮ್ಲಜನಕ ತಾಗಬೇಕು. ನೆಲದಾಳದಲ್ಲಿ ಆಮ್ಲಜನಕ ಇರಲಿಲ್ಲ, ನೀರು ತಿಳಿಯಾಗಿತ್ತು. ಮೇಲೆ ಬಂತು, ಗಾಳಿ ತಾಗಿತು, ಕೆಂಪಾಯಿತು.

ಇವತ್ತಿನ ನನ್ನ ಮಾತಿನ ಅರ್ಧ ಭಾಗ ಈ ಬಾಟ್ಲಿಗಳಲ್ಲೇ ಇದೆ. ಇದೇ ಸಂಗತಿ ಒಂದು ಕಾಲದಲ್ಲಿ ಇಡೀ ಸಮುದ್ರಕ್ಕೆ ಆಯಿತು. ಆ ಸಮುದ್ರದ ಗಸಿ ನಮ್ಮ ಬಾಬಾಬುಡನ್ ಗಿರಿಯಲ್ಲಿ ಕಲ್ಲಾಗಿ ನಿಂತಿದೆ.

ಆಮ್ಲಜನಕವನ್ನು ನಾವು ಪ್ರಾಣವಾಯು ಅಂತಲೂ ಕರೆಯುತ್ತೇವೆ. ಒಳ್ಳೆಯ ಹೆಸರು. ನಾಲ್ಕೈದು ನಿಮಿಷ ಅದು ಸಿಗದಿದ್ದರೆ ನಾವ್ಯಾರೂ ಇಲ್ಲ. ಹಾಗಾಗಿ ಜೀವ ಹುಟ್ಟುವುದಕ್ಕೂ ಅದೇ ಕಾರಣ ಅಂತ ಸಹಜವಾಗಿ ಅನ್ನಿಸುತ್ತದೆ. ಆದರೆ ಆದದ್ದು ಉಲ್ಟಾ. ಪ್ರಾಣವಾಯು ಇಲ್ಲದ ಕಾಲದಲ್ಲಿ ಪ್ರಾಣ ಹುಟ್ಟಿತು. ಅದು ಇರಲಿಲ್ಲ ಅನ್ನುವ ಕಾರಣಕ್ಕೇ ಹುಟ್ಟಲು ಸಾಧ್ಯವಾಯಿತು. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ.

ಭೂಮಿಗೆ ಈಗ ಸುಮಾರು 454 ಕೋಟಿ ವರ್ಷ. ಶುರುವಿನಲ್ಲಿ ಅದು ಕುದಿಯುವ ಕಲ್ಲಿನ ಉಂಡೆ. ಆದರೆ ಅಂದುಕೊಂಡದ್ದಕ್ಕಿಂತ ಬೇಗ ತಣಿಯಿತು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್ ಎಂಬಲ್ಲಿ ಮರಳುಕಾಳಿನಷ್ಟು ಸಣ್ಣ ಜಿರ್ಕಾನ್ ಹರಳುಗಳು ಸಿಕ್ಕಿವೆ. ಅವುಗಳಲ್ಲಿ ಅತಿ ಹಳೆಯದಕ್ಕೆ ಸುಮಾರು 440 ಕೋಟಿ ವರ್ಷ. ಅವುಗಳ ಒಳಗಿನ ಆಮ್ಲಜನಕದ ಪರಮಾಣುಗಳ ತೂಕ ನೋಡಿದರೆ, ಆಗಲೇ ಭೂಮಿಯ ಮೇಲೆ ನೀರು ನೀರಾಗಿಯೇ ಇತ್ತು ಅಂತ ಗೊತ್ತಾಗುತ್ತದೆ.

ಆ ಕಾಲದ ಗಾಳಿ ಎಲ್ಲಿಂದ ಬಂತು? ಹೆಚ್ಚಿನದು ಜ್ವಾಲಾಮುಖಿಗಳ ಬಾಯಿಂದ. ಅವು ಉಗುಳುವುದು ನೀರಾವಿ, ಇಂಗಾಲದ ಡೈ ಆಕ್ಸೈಡ್, ಸಾರಜನಕ, ಗಂಧಕದ ಅನಿಲಗಳು. ಬಿಡಿ ಆಮ್ಲಜನಕವನ್ನು ಯಾವ ಜ್ವಾಲಾಮುಖಿಯೂ ಉಗುಳುವುದಿಲ್ಲ. ಇವತ್ತು ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಆಗ ಹೆಚ್ಚುಕಡಿಮೆ ಸೊನ್ನೆ.

ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ, ಯಾರು ನೋಡಿದ್ದಾರೆ ಅಂತ ನೀವು ಕೇಳಬೇಕು. ಕೇಳಲೇಬೇಕು. ಸಾಕ್ಷಿಗಾಗಿ ದೂರ ಹೋಗಬೇಕಿಲ್ಲ, ಚಿಕ್ಕಮಗಳೂರಿನ ಕಡೆ ಹೋದರೆ ಸಾಕು. ಬಾಬಾಬುಡನ್ ಸಾಲಿನ ಬುಡದಲ್ಲಿ ಒಂದು ಹಳೆಯ ಕಲ್ಲಿನ ಪದರ ಇದೆ. ಹೊಳೆಯ ಬೆಣಚುಗಲ್ಲುಗಳು ಒಟ್ಟಾಗಿ ಗಟ್ಟಿಯಾದ ಪದರ ಅದು. ಅದರೊಳಗೆ ಪೈರೈಟ್ ಕಾಳುಗಳು ಸಿಗುತ್ತವೆ. ಪೈರೈಟ್ ಅಂದರೆ ಕಬ್ಬಿಣವೂ ಗಂಧಕವೂ ಸೇರಿದ, ಚಿನ್ನದ ಹಾಗೆ ಹೊಳೆಯುವ ಖನಿಜ. ಯುರೇನಿಯಂ ಇರುವ ಯುರೇನಿನೈಟ್ ಕಾಳುಗಳೂ ಇವೆ. ಇವು ಹೊಳೆಯಲ್ಲಿ ಉರುಳಿ ಸವೆದು ಬಂದ ಕಾಳುಗಳು. ಅಂದರೆ ಎಷ್ಟೋ ಕಾಲ ನೀರಿನಲ್ಲಿ, ಗಾಳಿಯಲ್ಲಿ ಬಿದ್ದು ಬಂದಿವೆ.

ಈಗ ಹಾಗೆ ಆಗಲು ಸಾಧ್ಯವೇ ಇಲ್ಲ. ನಮ್ಮ ತುಂಗೆಯಲ್ಲಿ ಒಂದು ಹಿಡಿ ಪೈರೈಟ್ ಹಾಕಿ ನೋಡಿ. ಎರಡು ಮಳೆಗಾಲ ಕಳೆಯುವುದರೊಳಗೆ ಹೊಳಪು ಹೋಗಿ ತುಕ್ಕು ಹತ್ತುತ್ತದೆ. ಕಾಲ ಕಳೆದಂತೆ ತುಕ್ಕಾಗಿ ಕರಗಿ ಹೋಗುತ್ತದೆ. ಯುರೇನಿನೈಟ್ ಕೂಡ ಆಮ್ಲಜನಕ ಇರುವ ನೀರಿನಲ್ಲಿ ಉಳಿಯುವುದಿಲ್ಲ. ಆ ಕಾಲದ ಹೊಳೆಯಲ್ಲಿ ಅಷ್ಟು ಉರುಳಿಯೂ ತುಕ್ಕು ಹಿಡಿಯಲಿಲ್ಲ ಅಂದರೆ, ತುಕ್ಕು ಹಿಡಿಸುವ ಗಾಳಿಯೇ ಇರಲಿಲ್ಲ. ಪಂಡಿತರ ಊಹೆಗಿಂತ ಈ ಕಾಳುಗಳ ಮಾತೇ ನನಗೆ ಹೆಚ್ಚು ನಂಬಿಕೆ ತರುತ್ತದೆ.

ಆಮ್ಲಜನಕ ಇದ್ದಿದ್ದರೆ ತೊಂದರೆ ಏನು? ಮಳೆಗಾಲದಲ್ಲಿ ಕತ್ತಿಗೆ ಎಣ್ಣೆ ಸವರದೆ ಇಟ್ಟರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಮ್ಲಜನಕದ ಸ್ವಭಾವವೇ ಹಾಗೆ. ಸಿಕ್ಕಿದ್ದಕ್ಕೆಲ್ಲಾ ಅಂಟಿಕೊಳ್ಳುತ್ತದೆ. ಕಬ್ಬಿಣ ಸಿಕ್ಕರೆ ತುಕ್ಕು, ಸೌದೆ ಸಿಕ್ಕರೆ ಬೆಂಕಿ. ಜೀವಕ್ಕೆ ಬೇಕಾದ ಸಾಮಗ್ರಿಗಳೆಲ್ಲಾ ಇಂಗಾಲದ ಸಣ್ಣ ಸಣ್ಣ ಸರಪಳಿಗಳು. ಒಳಗೆ ಕಾಯುವವರು ಯಾರೂ ಇಲ್ಲದಿದ್ದರೆ ಆಮ್ಲಜನಕ ಅವನ್ನು ಕಟ್ಟಿದ ಹಾಗೇ ಕೆಡವುತ್ತದೆ. ನಮ್ಮ ಮೈಯಲ್ಲಿ ಕಾಯುವ ವ್ಯವಸ್ಥೆ ಇದೆ. ಮೊದಲ ಅಣುಗಳಿಗೆ ಅದು ಇರಲಿಲ್ಲ.

ಈ ಮಾತನ್ನು ಮೊದಲು ಗಟ್ಟಿಯಾಗಿ ಹೇಳಿದವರು ಇಬ್ಬರು. ರಷ್ಯಾದ ಒಪಾರಿನ್, 1924ರಲ್ಲಿ. ಇಂಗ್ಲೆಂಡಿನ ಹಾಲ್ಡೇನ್, 1929ರಲ್ಲಿ. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ದಾರಿ ಹಿಡಿದವರು. ಆಮ್ಲಜನಕ ಇಲ್ಲದ ಗಾಳಿ, ಅದರ ಮೇಲೆ ಬಿಸಿಲಿನ ಅತಿನೇರಳೆ ಕಿರಣ, ಅದರಿಂದ ಹುಟ್ಟಿದ ಪದಾರ್ಥಗಳು ಸಮುದ್ರದಲ್ಲಿ ಸೇರುತ್ತಾ ಹೋದವು ಎಂದು ಹಾಲ್ಡೇನ್ ಬರೆದರು. ಆ ಸಮುದ್ರವನ್ನು ಅವರು ಬಿಸಿಯಾದ ತೆಳು ಸೂಪಿಗೆ ಹೋಲಿಸಿದರು. ನಮ್ಮ ಅಡುಗೆಮನೆಯ ಮಾತಿನಲ್ಲಿ ಬಿಸಿ ಬಿಸಿ ತಿಳಿಸಾರು. ಇದಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ.

ಈ ಹಾಲ್ಡೇನ್ ನಮಗೆ ಹೊರಗಿನವರಲ್ಲ. 1957ರಲ್ಲಿ ಅವರು ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದರು. ಕಲ್ಕತ್ತದಲ್ಲಿ ಕೆಲಸ ಮಾಡಿದರು, ಇಲ್ಲಿನ ಪೌರರಾದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಜೀವದ ಹುಟ್ಟಿನ ಬಗ್ಗೆ ಯೋಚಿಸಿದ ಅಷ್ಟು ದೊಡ್ಡ ಮನುಷ್ಯ ನಮ್ಮ ನೆಲದಲ್ಲೇ ಕೊನೆಯ ವರ್ಷಗಳನ್ನು ಕಳೆದರು ಅನ್ನುವುದು ಮಕ್ಕಳಿಗೆ ಗೊತ್ತಿರಬೇಕು.

ಆದರೆ ಅಲ್ಲಿಯವರೆಗೆ ಎಲ್ಲವೂ ಬರೀ ವಿಚಾರ. ಯಾರೂ ಮಾಡಿ ನೋಡಿರಲಿಲ್ಲ. ಮಾಡಿ ನೋಡಿದ ಹುಡುಗನ ಹೆಸರು ಸ್ಟಾನ್ಲಿ ಮಿಲ್ಲರ್. 1952ರಲ್ಲಿ ಅವನಿಗೆ 22 ವರ್ಷ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. ಗುರು ಹೆರಾಲ್ಡ್ ಯೂರಿ, ಅಷ್ಟರಲ್ಲಾಗಲೇ ನೊಬೆಲ್ ಪಡೆದಿದ್ದವರು. ಗುರು ಮೊದಲು ಒಪ್ಪಲಿಲ್ಲ. ಇಂಥ ಪ್ರಯೋಗ ಕೈಕೊಟ್ಟರೆ ಹುಡುಗನ ಪದವಿ ಕಥೆ ಏನು ಅನ್ನುವ ಚಿಂತೆ ಅವರಿಗೆ. ಹುಡುಗ ಹಟ ಹಿಡಿದ. ಸರಿ, ಸ್ವಲ್ಪ ಸಮಯ ಕೊಡುತ್ತೇನೆ, ಆಗದಿದ್ದರೆ ಬೇರೆ ವಿಷಯ ಅಂದರು.

ಆ ಹಳೆಯ ಕಾಲದ ಗಾಳಿ ಅಂತ ಒಂದು ಗಾಜಿನ ಬುರುಡೆಗೆ ಅವನು ಹಾಕಿದ್ದು ಏನು ಗೊತ್ತಾ? ಮೀಥೇನ್, ಅಮೋನಿಯಾ, ನೀರಾವಿ, ಹೈಡ್ರೋಜನ್. ಹೆಸರು ಕೇಳಿದರೆ ದೂರದ್ದು ಅನ್ನಿಸುತ್ತದೆ. ಮೀಥೇನ್ ಅಂದರೆ ಗೋಬರ್ ಗ್ಯಾಸ್ ಒಲೆಯಲ್ಲಿ ನೀಲಿಯಾಗಿ ಉರಿಯುತ್ತದಲ್ಲ, ಅದು. ಅಮೋನಿಯಾ ಅಂದರೆ ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಗಂಜಲದ ಘಾಟು. ನೀರಾವಿ ಬಚ್ಚಲ ಹಂಡೆಯಲ್ಲಿದೆ. ಹೈಡ್ರೋಜನ್ ಒಂದು ಮಾತ್ರ ನಮ್ಮ ಮನೆಯಲ್ಲಿ ಹಾಗೆ ಬಿಡಿಯಾಗಿ ಸಿಗುವುದಿಲ್ಲ. ಆಮ್ಲಜನಕವನ್ನು ಅವನು ಪೂರ್ತಿ ಹೊರಗಿಟ್ಟ.

ಕೆಳಗೊಂದು ಸಣ್ಣ ಬುರುಡೆಯಲ್ಲಿ ನೀರು ಕುದಿಯುತ್ತಿತ್ತು. ಅದು ಸಮುದ್ರ. ಮೇಲೆ ದೊಡ್ಡ ಬುರುಡೆಯಲ್ಲಿ ಅನಿಲಗಳು. ಅದು ಆಕಾಶ. ಆ ಆಕಾಶದಲ್ಲಿ ಎರಡು ತಂತಿಗಳ ನಡುವೆ ವಿದ್ಯುತ್ ಕಿಡಿ ಹಾರುತ್ತಿತ್ತು. ಅದು ಮಿಂಚು. ಆಮೇಲೆ ತಣ್ಣೀರು ಹರಿಯುವ ಕೊಳವೆಯಲ್ಲಿ ಆವಿ ತಣಿದು, ಹನಿಯಾಗಿ, ಮತ್ತೆ ಸಮುದ್ರಕ್ಕೆ. ಅದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವುದನ್ನು ಕಂಡ ನಮಗೆ ಈ ಚಕ್ರ ಹೊಸದೇನಲ್ಲ. ಅದನ್ನು ಒಂದು ಮೇಜಿನ ಮೇಲೆ ತಂದಿಟ್ಟದ್ದು ಹೊಸದು.

ಒಂದು ದಿನ ಕಳೆಯಿತು. ನೀರಿಗೆ ಗುಲಾಬಿ ಬಣ್ಣ ಬಂತು. ವಾರ ಕಳೆಯುವುದರೊಳಗೆ ಗಾಢ ಕೆಂಪು, ಬಗ್ಗಡ.

ಆ ಬಗ್ಗಡದಲ್ಲಿ ಏನಿದೆ ಅಂತ ಅವನು ಕಂಡುಹಿಡಿದ ರೀತಿ ನಮ್ಮ ಶಾಲೆ ಮಕ್ಕಳಿಗೂ ಗೊತ್ತು. ಸೀಮೆಸುಣ್ಣದ ಕಡ್ಡಿಗೆ ಶಾಯಿಯ ಬೊಟ್ಟಿಟ್ಟು ನೀರಿನಲ್ಲಿ ನಿಲ್ಲಿಸಿದರೆ ಬಣ್ಣಗಳು ಬೇರೆ ಬೇರೆ ಎತ್ತರಕ್ಕೆ ಏರುತ್ತವೆ ಅಲ್ವಾ? ಅದೇ ಉಪಾಯ. ಕಾಗದದ ಮೇಲೆ ಒಂದು ಹನಿ ಹಾಕಿ ಹರಡಲು ಬಿಟ್ಟ. ಆಮೇಲೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಸಿಂಪಡಿಸಿದ. ಅಮೈನೋ ಆಮ್ಲ ಇದ್ದಲ್ಲಿ ನೇರಳೆ ಕಲೆ ಮೂಡುತ್ತದೆ. ಮೂಡಿತು. ಗ್ಲೈಸೀನ್, ಅಲನೀನ್ ಖಚಿತವಾಗಿ ಸಿಕ್ಕವು. ಇನ್ನೂ ಕೆಲವು ಮಸುಕಾಗಿ ಕಂಡವು. ಅಮೈನೋ ಆಮ್ಲ ಅಂದರೆ ಪ್ರೋಟೀನಿನ ಇಟ್ಟಿಗೆ. ನಮ್ಮ ಕೂದಲು, ಸ್ನಾಯು, ಬೇಳೆ, ಮೀನು ಎಲ್ಲವೂ ಆ ಇಟ್ಟಿಗೆಯಿಂದ ಕಟ್ಟಿದ್ದು.

1953ರ ಮೇ ತಿಂಗಳಲ್ಲಿ ಲೇಖನ ಪ್ರಕಟವಾಯಿತು. ಅದರಲ್ಲಿ ಮಿಲ್ಲರನ ಹೆಸರು ಒಂದೇ ಇತ್ತು. ತನ್ನ ಹೆಸರೂ ಸೇರಿದರೆ ಕೀರ್ತಿ ತನಗೇ ಹೋಗಿಬಿಡುತ್ತದೆ, ಹುಡುಗನಿಗೆ ಸಿಗುವುದಿಲ್ಲ ಅಂತ ಯೂರಿ ತಮ್ಮ ಹೆಸರನ್ನು ತೆಗೆಸಿದ್ದರು. ನಾನು ಎಷ್ಟೋ ವರ್ಷ ಪಾಠ ಹೇಳಿದವನು. ಈ ಒಂದು ವಿಷಯಕ್ಕೆ ಯೂರಿಯವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಆ ಬುರುಡೆಯ ಒಳಗೆ ಆದದ್ದೇನು ಅಂತ ಸ್ವಲ್ಪ ನಿಂತು ನೋಡಬೇಕು. ಕಿಡಿ ಬಿದ್ದಾಗ ಅನಿಲಗಳು ಒಡೆಯುತ್ತವೆ. ಒಡೆದ ಚೂರುಗಳು ಹೊಸ ಜೋಡಿ ಕಟ್ಟುತ್ತವೆ. ಅದರಲ್ಲಿ ಒಂದು ಹೈಡ್ರೋಜನ್ ಸಯನೈಡ್. ಇನ್ನೊಂದು ಫಾರ್ಮಾಲ್ಡಿಹೈಡ್, ಪ್ರಯೋಗಶಾಲೆಯಲ್ಲಿ ಸತ್ತ ಕಪ್ಪೆ ಕೆಡದಂತೆ ಇಡುತ್ತಾರಲ್ಲ, ಆ ದ್ರಾವಣದಲ್ಲಿ ಇರುವುದು. ಈ ಎರಡಕ್ಕೂ ಅಮೋನಿಯಾ ಸೇರುತ್ತದೆ. ಆಮೇಲೆ ನೀರು ಸೇರುತ್ತದೆ. ಗ್ಲೈಸೀನ್ ಆಯಿತು. ಎರಡು ವಿಷಗಳು ಕೂಡಿ ಪ್ರೋಟೀನಿನ ಇಟ್ಟಿಗೆ ಆಯಿತು.

ಸಯನೈಡ್ ನಮ್ಮ ಮಲೆನಾಡಿನ ಅಡುಗೆಗೂ ಹೊಸದಲ್ಲ. ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸುವುದು ಯಾಕೆ? ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಪದಾರ್ಥ ಇದೆ. ಅದು ನೀರಿಗಿಳಿದು ಹೋಗಲಿ ಅಂತ. ಸಯನೈಡ್ ನಮಗೆ ಯಾಕೆ ವಿಷ ಅನ್ನುವುದನ್ನೂ ಕೇಳಿ. ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸುವ ಜಾಗಕ್ಕೇ ಅದು ಹೋಗಿ ಅಡ್ಡ ಕೂರುತ್ತದೆ. ಗಾಳಿ ಇದ್ದರೂ ಕೋಶಕ್ಕೆ ಉಸಿರು ಕಟ್ಟುತ್ತದೆ. ಆಮ್ಲಜನಕವೇ ಇಲ್ಲದ ಲೋಕದಲ್ಲಿ ಆ ಭಯ ಎಲ್ಲಿ? ಅಲ್ಲಿ ಅದು ಒಳ್ಳೆಯ ಕಚ್ಚಾ ಸಾಮಗ್ರಿ. 1960ರ ಹೊತ್ತಿಗೆ ಹ್ವಾನ್ ಒರೋ ಎಂಬ ವಿಜ್ಞಾನಿ ಸಯನೈಡ್ ಮತ್ತು ಅಮೋನಿಯಾದ ನೀರನ್ನು ಬಿಸಿ ಮಾಡಿ ಅಡಿನೀನ್ ಪಡೆದರು. ಐದು ಸಯನೈಡ್ ಅಣು ಸೇರಿದರೆ ಒಂದು ಅಡಿನೀನ್. ನಮ್ಮ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಅದೂ ಒಂದು. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಿಲ್ಲರ್ ತನ್ನ ಹಳೆಯ ಸೀಸೆಗಳನ್ನು ಎಸೆಯದೆ ಇಟ್ಟಿದ್ದರು. ಅವರು 2007ರಲ್ಲಿ ತೀರಿಕೊಂಡರು. ಅವರ ಶಿಷ್ಯ ಜೆಫ್ರಿ ಬಾಡಾ ಮತ್ತು ಜೊತೆಗಾರರು ಆ ಸೀಸೆಗಳ ಒಣ ಗಸಿಯನ್ನು ಹೊಸ ಯಂತ್ರಗಳಲ್ಲಿ ಪರೀಕ್ಷಿಸಿದರು. ಜ್ವಾಲಾಮುಖಿಯ ಹಾಗೆ ಆವಿ ರಭಸದಿಂದ ಕಿಡಿಗೆ ಬಂದು ತಾಗುವಂತೆ ಮಾಡಿದ್ದ ಒಂದು ಪ್ರಯೋಗದ ಸೀಸೆಗಳಲ್ಲಿ 22 ಅಮೈನೋ ಆಮ್ಲಗಳು ಸಿಕ್ಕವು. 1953ರಲ್ಲಿ ಕಾಗದದ ಮೇಲೆ ಕಂಡದ್ದು ಬೆರಳೆಣಿಕೆಯಷ್ಟು. ಉಳಿದವು 50 ವರ್ಷಕ್ಕೂ ಹೆಚ್ಚು ಕಾಲ ಸುಮ್ನೆ ಕೂತಿದ್ದವು.

ಈಗ ಒಂದು ಆಕ್ಷೇಪ. ಇದನ್ನು ಮುಚ್ಚಿಡಬಾರದು. ಮೀಥೇನ್, ಅಮೋನಿಯಾ ತುಂಬಿದ ಗಾಳಿ ಎಂದು ಯೂರಿ ಊಹಿಸಿದ್ದು ಗುರುಗ್ರಹದಂಥ ದೊಡ್ಡ ಗ್ರಹಗಳನ್ನು ನೋಡಿ. ಆಮೇಲೆ ಕಲ್ಲುಗಳನ್ನು ಓದಿದವರು, ಜ್ವಾಲಾಮುಖಿಗಳನ್ನು ಓದಿದವರು ಹಾಗಲ್ಲ ಅಂದರು. ಇಂಗಾಲದ ಡೈ ಆಕ್ಸೈಡ್ ಮತ್ತು ಸಾರಜನಕವೇ ಜಾಸ್ತಿ, ಹೈಡ್ರೋಜನ್, ಮೀಥೇನ್ ಸ್ವಲ್ಪ ಸ್ವಲ್ಪ ಇರಬಹುದು ಅಂದರು. ಅಂಥ ಗಾಳಿಯಲ್ಲಿ ಕಿಡಿ ಹಾರಿಸಿದರೆ ಅಮೈನೋ ಆಮ್ಲ ಬಹಳ ಕಡಿಮೆ ಸಿಗುತ್ತದೆ. ಹಾಗಾದರೆ ಮಿಲ್ಲರ್ ಮಾಡಿದ್ದು ದಂಡವೇ?

ನಾನು ಹಾಗೆ ಅನ್ನುವುದಿಲ್ಲ. 2008ರಲ್ಲಿ ಅದೇ ಬಾಡಾ ತಂಡ ಇನ್ನೊಂದು ಸಂಗತಿ ತೋರಿಸಿತು. ಡೈ ಆಕ್ಸೈಡ್ ಮತ್ತು ಸಾರಜನಕದ ಗಾಳಿಯಲ್ಲಿ ಕಿಡಿಯಿಂದ ನೈಟ್ರೈಟಿನಂಥ ಪದಾರ್ಥಗಳೂ ಹುಟ್ಟುತ್ತವೆ. ಅವು ಆದ ಅಮೈನೋ ಆಮ್ಲಗಳನ್ನು ಕೆಡಿಸುತ್ತವೆ. ನೀರು ಹುಳಿಯಾಗದಂತೆ ನೋಡಿಕೊಂಡು, ಕೆಡಿಸುವುದನ್ನು ತಡೆಯುವ ಪದಾರ್ಥ ಹಾಕಿದರೆ ಫಲ ಎಷ್ಟೋ ಹೆಚ್ಚುತ್ತದೆ. ಹಳೆಯ ಸಮುದ್ರದಲ್ಲಿ ತಡೆಯುವ ಕೆಲಸಕ್ಕೆ ಕರಗಿದ ಕಬ್ಬಿಣ ಇತ್ತು. ಹೌದು, ಈ ಬಾಟ್ಲಿಯಲ್ಲಿರುವ ಕಬ್ಬಿಣವೇ. ತಾನು ತುಕ್ಕಾಗಿ ಉಳಿದದ್ದನ್ನು ಉಳಿಸುವ ಗುಣ ಅದಕ್ಕಿದೆ.

ಆಕಾಶದಿಂದಲೂ ಸಾಮಗ್ರಿ ಬಂತು. 1969ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ಊರಿನ ಬಳಿ ಉಲ್ಕೆ ಬಿತ್ತು. ಆಯ್ದ ಚೂರುಗಳೇ 100 ಕಿಲೋಗಿಂತ ಹೆಚ್ಚು. ಒಳಗೆ ಅಮೈನೋ ಆಮ್ಲಗಳು. ಭೂಮಿಯ ಜೀವಿಗಳು ಬಳಸದಂಥವೂ ಅದರಲ್ಲಿದ್ದವು, ಹಾಗಾಗಿ ನೆಲದ ಮೇಲೆ ಅಂಟಿದ ಕೊಳೆ ಅನ್ನುವಂತಿಲ್ಲ. ಈ ಕೆಲಸ ಮಾಡಿದ ತಂಡದಲ್ಲಿ ಸಿರಿಲ್ ಪೊನ್ನಂಪೆರುಮ ಇದ್ದರು. ಶ್ರೀಲಂಕಾದ ಗಾಲ್‌ನಲ್ಲಿ ಹುಟ್ಟಿದವರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ, ಆಮೇಲೆ ರಸಾಯನಶಾಸ್ತ್ರಕ್ಕೆ ಹೊರಳಿ, ನಾಸಾದವರೆಗೆ ಹೋದವರು. ಜೀವ ಎಲ್ಲಿಂದ ಬಂತು ಅನ್ನುವ ತತ್ವಶಾಸ್ತ್ರದ ಪ್ರಶ್ನೆಗೆ ಉಲ್ಕೆ ಪುಡಿ ಮಾಡಿ ಉತ್ತರ ಹುಡುಕಿದರು.

ಇನ್ನೊಂದು ತೊಡಕು ಸೂರ್ಯನದು. ಆಗ ಸೂರ್ಯನಿಗೆ ಇವತ್ತಿನ ಪ್ರಖರತೆಯ ನೂರಕ್ಕೆ 70ರಷ್ಟು ಮಾತ್ರ ಇತ್ತು. ಲೆಕ್ಕದ ಪ್ರಕಾರ ಸಮುದ್ರ ಹೆಪ್ಪುಗಟ್ಟಬೇಕು. ಗಟ್ಟಲಿಲ್ಲ. ಡೈ ಆಕ್ಸೈಡಿನ ದಪ್ಪ ಕಂಬಳಿ ಹೊದ್ದುಕೊಂಡಿತ್ತು, ಜೊತೆಗೆ ಮೀಥೇನ್ ಕೂಡ. ಮಲೆನಾಡಿನವರಿಗೆ ಕಂಬಳಿಯ ಬೆಲೆ ಗೊತ್ತು, ಮುಂದೆ ಹೋಗೋಣ.

ಇಟ್ಟಿಗೆ ಸಿಕ್ಕ ಮಾತ್ರಕ್ಕೆ ಮನೆ ಆಗುವುದಿಲ್ಲ. ಅಮೈನೋ ಆಮ್ಲ ಒಂದಕ್ಕೊಂದು ಅಂಟಿ ಸರಪಳಿ ಆಗಬೇಕು. ಅಂಟುವಾಗ ಪ್ರತಿ ಗಂಟಿನಲ್ಲೂ ಒಂದು ನೀರಿನ ಅಣು ಹೊರಗೆ ಬರುತ್ತದೆ. ಸುತ್ತಲೂ ನೀರೇ ಇದ್ದರೆ ಅದು ಹೊರಗೆ ಬರಲು ಒಪ್ಪುವುದಿಲ್ಲ. ಒಣಗಬೇಕು. ಅಲ್ಲದೆ ಸಮುದ್ರದಷ್ಟು ತಿಳಿಸಾರಿನಲ್ಲಿ ಒಂದು ಅಣುವಿಗೆ ಇನ್ನೊಂದು ಸಿಗುವುದೇ ಕಷ್ಟ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾದು ಕಾದು ಜೋನಿಬೆಲ್ಲ ಆಗುವ ಹಾಗೆ ಗಟ್ಟಿಯಾಗಬೇಕು.

ನಮ್ಮ ಹೊಳೆಯ ಬಂಡೆಗಳ ಕುಳಿಗಳನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ತುಂಬುತ್ತವೆ. ಬೇಸಿಗೆ ಬಂದ ಹಾಗೆ ನೀರು ಇಳಿಯುತ್ತದೆ, ಬಂಡೆ ಕಾಯುತ್ತದೆ, ಕುಳಿಯ ಅಂಚಿನಲ್ಲಿ ಉಂಗುರದ ಹಾಗೆ ಒಣಗಿದ ಪದರ ಉಳಿಯುತ್ತದೆ. ಒಂದು ಅಕಾಲದ ಮಳೆ ಬಂದರೆ ಮತ್ತೆ ನೆನೆಯುತ್ತದೆ. ಒಣಗಿದಾಗ ಗಂಟು ಬೀಳುತ್ತದೆ. ನೆನೆದಾಗ ಅಣುಗಳು ಜಾಗ ಬದಲಿಸುತ್ತವೆ. ಮತ್ತೆ ಒಣಗಿದಾಗ ಇನ್ನೊಂದು ಗಂಟು. ಪ್ರಯೋಗಶಾಲೆಯಲ್ಲಿ ಹೀಗೆ ನೆನೆಸಿ ಒಣಗಿಸಿ ಸರಪಳಿಗಳನ್ನು ಬೆಳೆಸಿದ್ದಾರೆ. ಡೇವಿಡ್ ಡೀಮರ್ ಎಂಬವರು ಮರ್ಚಿಸನ್ ಉಲ್ಕೆಯಿಂದ ತೆಗೆದ ಜಿಡ್ಡಿನಂಥ ಪದಾರ್ಥವನ್ನು ನೀರಿಗೆ ಹಾಕಿದರು. ಅದು ತಾನಾಗಿಯೇ ಸಣ್ಣ ಸಣ್ಣ ಗುಳ್ಳೆ ಆಯಿತು, ಜೀವಕೋಶದ ಸಿಪ್ಪೆಯ ಹಾಗೆ. 1871ರಲ್ಲಿ ಡಾರ್ವಿನ್ ಗೆಳೆಯ ಹೂಕರ್‌ಗೆ ಬರೆದ ಕಾಗದದಲ್ಲೂ ಇಂಥ ಒಂದು ಬೆಚ್ಚಗಿನ ಪುಟ್ಟ ಹೊಂಡದ ಮಾತು ಬರುತ್ತದೆ.

ಹೊಂಡವಲ್ಲ, ಸಮುದ್ರದ ತಳದ ಬಿಸಿನೀರಿನ ಬುಗ್ಗೆ ಅನ್ನುವವರೂ ಇದ್ದಾರೆ. 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಹತ್ತಿರ ಅಂಥ ಬುಗ್ಗೆಗಳು ಕಂಡವು. ಅಲ್ಲಿ ಬಿಸಿಲಿಲ್ಲದೆಯೂ ಜೀವ ತುಂಬಿತ್ತು. ಖನಿಜದ ಸಣ್ಣ ಗೂಡುಗಳ ಒಳಗೂ ಹೊರಗೂ ರಾಸಾಯನಿಕ ವ್ಯತ್ಯಾಸ ಇರುತ್ತದೆ, ಅದೇ ಶಕ್ತಿ ಆಯಿತು ಅನ್ನುತ್ತಾರೆ. ಗಟ್ಟಿ ವಾದವೇ. ಆದರೂ ಒಣಗುವ ಕೆಲಸ ಅಲ್ಲಿ ಆಗುವುದಿಲ್ಲವಲ್ಲ. ನನ್ನ ಒಲವು ಹೊಂಡದ ಕಡೆಗೇ.

ಆರ್‌ಎನ್‌ಎ ಬಗ್ಗೆ, ಅಂದರೆ ಜೀವಕೋಶದಲ್ಲಿ ಡಿಎನ್‌ಎಯ ಹಾಗೇ ಇರುವ ಇನ್ನೊಂದು ಸರಪಳಿಯ ಬಗ್ಗೆ, ಒಂದೇ ಮಾತು. ವಿಷಯ ಬರೆದಿಡುವ ಕೆಲಸವನ್ನೂ, ರಸಾಯನ ಕ್ರಿಯೆ ನಡೆಸುವ ಕೆಲಸವನ್ನೂ ಅದೊಂದೇ ಮಾಡಬಲ್ಲದು ಅಂತ ಗೊತ್ತಾದದ್ದು ದೊಡ್ಡ ತಿರುವು. ಅದಕ್ಕೆ ಚೆಕ್ ಮತ್ತು ಆಲ್ಟ್‌ಮನ್ ಅವರಿಗೆ 1989ರಲ್ಲಿ ನೊಬೆಲ್ ಬಂತು. ಅದರ ತುಂಡುಗಳು ಹೇಗೆ ಆದವು ಅನ್ನುವುದಕ್ಕೆ 2009ರಲ್ಲಿ ಜಾನ್ ಸದರ್ಲೆಂಡ್ ಅವರ ತಂಡ ಒಂದು ದಾರಿ ತೋರಿಸಿತು. ಅದೇ ಒಂದು ದಿನದ ಮಾತಾಗುತ್ತದೆ.

ಮತ್ತೆ ಗಾಳಿಗೆ ಬರೋಣ. ಆಮ್ಲಜನಕ ಇರಲಿಲ್ಲ ಅಂದೆ. ಹಾಗಾದರೆ ಬಂದದ್ದು ಎಲ್ಲಿಂದ? ಅಂಗಳದಿಂದ. ಆಷಾಢದಲ್ಲಿ ನಮ್ಮ ಅಂಗಳಗಳು ಹೇಗಿರುತ್ತವೆ? ಕಾಲಿಟ್ಟರೆ ಜಾರುತ್ತದೆ, ಅಡಿಕೆ ದಬ್ಬೆ ಹಾಸಿಕೊಂಡು ಓಡಾಡುತ್ತೇವೆ. ಆ ಜಾರುವ ಲೋಳೆಯಲ್ಲಿ ನೀಲಿಹಸಿರು ಬ್ಯಾಕ್ಟೀರಿಯಾಗಳು ಇರುತ್ತವೆ. ಇವರ ಪೂರ್ವಜರೇ ಮೊದಲು ಬಿಸಿಲಿನ ಬಲದಿಂದ ನೀರನ್ನು ಒಡೆದು, ಬೇಡದ ಆಮ್ಲಜನಕವನ್ನು ಹೊರಗೆ ಬಿಟ್ಟವರು. ಆಳವಿಲ್ಲದ ಸಮುದ್ರದಲ್ಲಿ ಇಂಥ ಲೋಳೆಯ ಮೇಲೆ ಮಣ್ಣು ಕೂತು, ಅದರ ಮೇಲೆ ಮತ್ತೆ ಲೋಳೆ ಬೆಳೆದು, ಪದರ ಪದರವಾಗಿ ಕಲ್ಲಾಗುತ್ತದೆ. ಅದಕ್ಕೆ ಸ್ಟ್ರೊಮಟೊಲೈಟ್ ಅನ್ನುತ್ತಾರೆ. ಭೂವಿಜ್ಞಾನಿಗಳು ಶಿವಮೊಗ್ಗ ಶಿಸ್ಟ್ ಪಟ್ಟಿ ಅನ್ನುವ ನಮ್ಮ ಸುತ್ತಿನ ಕಲ್ಲುಗಳಲ್ಲೂ ಸ್ಟ್ರೊಮಟೊಲೈಟ್ ಸಿಕ್ಕಿವೆ. 250 ಕೋಟಿ ವರ್ಷಕ್ಕಿಂತ ಹಳೆಯವು.

ಹೊರಬಂದ ಆಮ್ಲಜನಕ ನೇರ ಗಾಳಿಗೆ ಹೋಗಲಿಲ್ಲ. ಸಮುದ್ರದ ತುಂಬಾ ಕರಗಿದ ಕಬ್ಬಿಣ ಕಾದು ಕೂತಿತ್ತು. ಬಾಟ್ಲಿಯಲ್ಲಿ ಕಂಡಿರಲ್ಲ, ಅದೇ. ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು. ಮಧ್ಯೆ ಮಧ್ಯೆ ಸಿಲಿಕಾ, ಅಂದರೆ ಬೆಣಚುಗಲ್ಲಿನ ಪದಾರ್ಥ, ಕೂತಿತು. ಕಬ್ಬಿಣದ ಕಪ್ಪು ಕೆಂಪು ಪಟ್ಟಿ, ಸಿಲಿಕಾದ ಬಿಳಿ ಪಟ್ಟಿ, ಪಟ್ಟಾಪಟ್ಟಿ ಸೀರೆಯ ಹಾಗೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇಂಥ ಕಲ್ಲಿನದು. ಆ ಪದರಗಳಿಗೆ ಸುಮಾರು 272 ಕೋಟಿ ವರ್ಷ. ಕುದುರೆಮುಖದಲ್ಲಿ ಅಗೆದದ್ದೂ ಪಟ್ಟೆಗಲ್ಲನ್ನೇ. ಆ ಕಾಲಕ್ಕೆ ಆಮ್ಲಜನಕ ಅಷ್ಟು ಇತ್ತೇ, ಅಥವಾ ಬಿಸಿಲಿನ ಬಲದಿಂದ ನೇರವಾಗಿ ಕಬ್ಬಿಣವನ್ನೇ ಬಳಸಿ ಬದುಕುವ ಬೇರೆ ಬ್ಯಾಕ್ಟೀರಿಯಾಗಳು ತುಕ್ಕು ಮಾಡಿದವೇ ಎನ್ನುವ ಚರ್ಚೆ ಇದೆ. ಎರಡೂ ನಡೆದಿರಬಹುದು. ಗಾಳಿಗೆ ಆಮ್ಲಜನಕ ನಿಂತು ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಜೀವದ ಗುರುತುಗಳಾದರೋ 350 ಕೋಟಿ ವರ್ಷದಷ್ಟು ಹಳೆಯವು. ಅಂದರೆ 100 ಕೋಟಿ ವರ್ಷಕ್ಕೂ ಹೆಚ್ಚು ಕಾಲ ಜೀವ ಈ ಪ್ರಾಣವಾಯುವಿನ ಗಾಳಿ ಇಲ್ಲದೆಯೇ ಬದುಕಿತು.

ಕೆಮ್ಮಣ್ಣುಗುಂಡಿ ಅನ್ನುವ ಹೆಸರನ್ನೇ ನೋಡಿ. ಆ ಕೆಂಪಿನ ಕಬ್ಬಿಣದ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿ ಕುಲುಮೆ ಉರಿಯತೊಡಗಿದಾಗ ಬಳಸಿದ್ದು ನಮ್ಮ ಕಾಡಿನ ಮರದ ಇದ್ದಿಲು. ಕುಲುಮೆಯಲ್ಲಿ ಆಗುವುದೇನು? ಇದ್ದಿಲಿನ ಇಂಗಾಲ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಹೊಗೆಯಾಗಿ ಹೋಗುತ್ತದೆ. ಹಿಂದೆ ಉಳಿಯುವುದು ಕಬ್ಬಿಣ. ಕೋಟಿ ಕೋಟಿ ವರ್ಷ ಕಲ್ಲಿನಲ್ಲಿ ಕಟ್ಟಿಬಿದ್ದಿದ್ದ ಆಮ್ಲಜನಕ ಭದ್ರಾವತಿಯ ಚಿಮಣಿಯಿಂದ ಹೊರಗೆ ಬಂತು. ನಾನು ಸಣ್ಣವನಿದ್ದಾಗ ರೈಲಿನಿಂದ ಆ ಚಿಮಣಿ ನೋಡಿದ್ದೆ. ಆಗ ಇದು ಗೊತ್ತಿರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದೆ. ಮುಂದಿನದು ಪ್ರಶ್ನೆಗಳು.

ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು, “ಮೇಷ್ಟ್ರೇ, ಹಾಗಾದ್ರೆ ಈಗ್ಯಾಕೆ ಹೊಸದಾಗಿ ಜೀವ ಹುಟ್ಟಲ್ಲ? ಹೊಂಡ ಇದೆ, ಮಿಂಚು ಇದೆ, ಮಳೆಗೇನು ಕಮ್ಮಿ?”

ಇದಕ್ಕೆ ಎರಡು ಉತ್ತರ ಇದೆ ಅಜ್ಜಿ, ಅಂದೆ. ಒಂದು, ಈಗಿನ ಗಾಳಿ ಕಟ್ಟಲು ಬಿಡುವುದಿಲ್ಲ. ಇನ್ನೊಂದನ್ನು ಡಾರ್ವಿನ್ ಅದೇ ಕಾಗದದಲ್ಲಿ ಬರೆದಿದ್ದಾರೆ. ಈಗ ಅಂಥ ಪದಾರ್ಥ ಎಲ್ಲಾದರೂ ಹುಟ್ಟಿದರೆ, ಇರುವ ಜೀವಿಗಳು ಅದನ್ನು ಆಗಲೇ ತಿಂದು ಮುಗಿಸುತ್ತವೆ. ಬೆಲ್ಲದ ಅಚ್ಚನ್ನು ಅಂಗಳದಲ್ಲಿ ಇಟ್ಟು ಇರುವೆ ಬರಬಾರದು ಅಂದರೆ ಆಗುತ್ತಾ? ಅಜ್ಜಿ ನಕ್ಕು ತಲೆಯಾಡಿಸಿದರು.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು, “ಸರ್, ಆಮ್ಲಜನಕ ಬಂದ ಮೇಲೆ ಮೊದಲಿದ್ದ ಜೀವಿಗಳೆಲ್ಲಾ ಸತ್ತುಹೋದ್ವಾ?”

ಬಹಳಷ್ಟು ಸತ್ತಿರಬೇಕು. ಉಳಿದವು ಅಡಗಿಕೊಂಡವು. ಎಲ್ಲಿ ಅಂದರೆ ಗದ್ದೆಯ ಕೆಸರಿನಲ್ಲಿ. ನೆಟ್ಟಿ ಸಮಯದಲ್ಲಿ ಕೆಸರು ತುಳಿದರೆ ಗುಳ್ಳೆ ಏಳುತ್ತದಲ್ಲ, ಅದು ಅವುಗಳ ಮೀಥೇನ್. ದನದ ಹೊಟ್ಟೆಯಲ್ಲಿ ಇವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಇವೆ. ಗುಂಡಿಯನ್ನು ಗಾಳಿ ಆಡದಂತೆ ಮುಚ್ಚುವುದು ಗ್ಯಾಸ್ ಹೋಗದಿರಲಿ ಅಂತ ಮಾತ್ರ ಅಲ್ಲ, ಗಾಳಿ ತಾಗಿದರೆ ಅವು ಸಾಯುತ್ತವೆ. ಹಳೆಯ ಲೋಕದ ಒಂದು ತುಣುಕನ್ನು ಕೊಟ್ಟಿಗೆಯ ಪಕ್ಕ ಸಾಕಿಕೊಂಡು ನಾವು ಟೀ ಕಾಯಿಸಿಕೊಳ್ಳುತ್ತೇವೆ. ನಾಳೆ ಗದ್ದೆಗೆ ಹೋದರೆ ಒಂದು ಬುಡ ಭತ್ತ ಕಿತ್ತು ಬೇರು ತೊಳೆದು ನೋಡಮ್ಮ, ಅಂದೆ. ಸುತ್ತಲಿನ ಕೆಸರು ಕಪ್ಪು. ಬೇರಿಗೆ ಮಾತ್ರ ಕೆಂಪು ಲೇಪ. ಗಿಡ ಎಲೆಯಿಂದ ಬೇರಿಗೆ ಆಮ್ಲಜನಕ ಇಳಿಸುತ್ತದೆ. ಅದು ಹೊರಗೆ ಸೋರಿ, ಕೆಸರಿನ ಕಬ್ಬಿಣ ಅಲ್ಲೇ ತುಕ್ಕಾಗುತ್ತದೆ.

ಹೊರಡುವ ಹೊತ್ತಿಗೆ ಏಳೆಂಟು ಜನ ಮೇಜಿನ ಸುತ್ತ ಸೇರಿದ್ದರು. ಯಾರೋ ಮುಚ್ಚಳ ತೆಗೆದು ತಿಳಿ ನೀರನ್ನು ಲೋಟಕ್ಕೆ ಸುರಿದಿಟ್ಟಿದ್ದರು, ಎಷ್ಟು ಹೊತ್ತಿಗೆ ಕೆಂಪಾಗುತ್ತದೆ ನೋಡೋಣ ಅಂತ. ಮಳೆ ಕಮ್ಮಿಯಾದ ಮೇಲೆ, ದೀಪಾವಳಿ ಕಳೆದು, ಎಲ್ಲರೂ ಒಟ್ಟಿಗೆ ಕೆಮ್ಮಣ್ಣುಗುಂಡಿ ದಾರಿಯಲ್ಲಿ ಪಟ್ಟೆಗಲ್ಲು ನೋಡಲು ಹೋಗುವುದು ಅಂತ ಮಾತಾಯಿತು. ಬರುವವರು ಒಂದು ಅಯಸ್ಕಾಂತ ತನ್ನಿ. ಹಳೆಯ ಸ್ಪೀಕರಿನದಾದರೂ ಸಾಕು. ಕಲ್ಲು ಒಡೆಯಬೇಡಿ. ಕಪ್ಪು ಪಟ್ಟಿಗೆ ಹಿಡಿದು ನೋಡಿ, ಅಂಟುತ್ತದೆ. ಪಕ್ಕದ ಬಿಳಿ ಪಟ್ಟಿಗೆ ಹಿಡಿದರೆ ಜಾರುತ್ತದೆ.